ಕಿವಿ ಚುಚ್ಚಿದ ಕೈ

ಗುಬ್ಬಿಯ ನಮ್ಮ ಬೀದಿಯ ಆಚಾರ್ರು ತೀರಿಕೊಂಡಾಗ, ತಿಥಿ ಮುಗಿಯುವುದಕ್ಕೂ ಮೊದಲೇ ಇಬ್ಬರು ಜಲಗಾರರು ಅವರ ಮನೆ ಬಾಗಿಲಿಗೆ ಬಂದಿದ್ದರಂತೆ. ಅಕ್ಕಸಾಲಿ ಕೂತು ಕೆಲಸ ಮಾಡಿದ ನೆಲದ ಮಣ್ಣನ್ನು ಕೆರೆದು ತೊಳೆದರೆ ಚಿನ್ನದ ಪುಡಿ ಸಿಗುತ್ತದೆ, ಆ ಮಣ್ಣು ನಮಗೆ ಕೊಡಿ ಎಂದು ಕೇಳಲು. ಆಚಾರ್ರ ಹೆಂಡತಿ ಹೊಸಿಲು ದಾಟಲು ಬಿಡದೆ, "ದಿನಾ ಸಂಜೆ ಅವ್ರೇ ಗುಡಿಸಿ ಅವ್ರೇ ಜರಡಿ ಹಿಡೀತಿದ್ರು ಕಣ್ರಪ್ಪ. ನನ್ ಕೈಗೆ ಒಂದಿನ ಪೊರಕೆ ಕೊಟ್ಟೋರಲ್ಲ. ಆ ಮಣ್ಣಲ್ಲಿ ನಿಮ್ಗೆ ಮಣ್ಣೇ ಸಿಗೋದು" ಎಂದು ಕಳಿಸಿಬಿಟ್ಟರು. ಸುದ್ದಿ ಕೇಳಿ ನನಗೆ ಮೊದಲು ನಗು ಬಂತು. ಅಳು ಬಂದದ್ದು ಸ್ವಲ್ಪ ಹೊತ್ತಿನ ಮೇಲೆ.

ಅವರ ಹೆಸರು ಬರೆಯುವುದಿಲ್ಲ. ಕಾಗದದ ಮೇಲೆ ತನ್ನ ಹೆಸರು ಕಂಡರೆ ಆ ಮನುಷ್ಯನಿಗೆ ಆಗುತ್ತಿರಲಿಲ್ಲ. "ಹೆಸ್ರು ಬರ್ಕೊಂಡೋರು ಒಂದಲ್ಲ ಒಂದಿನ ಹುಡುಕ್ಕೊಂಡು ಬತ್ತಾರೆ" ಎನ್ನುತ್ತಿದ್ದರು. ಜನಗಣತಿಯವರು ಬಂದಾಗ ಕೂಡ ಒಳಗೆ ಕೂತು, ಹೆಂಡತಿಯ ಕೈಲಿ ಊರಲ್ಲಿಲ್ಲ ಎಂದು ಹೇಳಿಸಿದ್ದರು.

ಲೋಕದಲ್ಲಿ ಅವರು ನಂಬುತ್ತಿದ್ದದ್ದು ಬೆಂಕಿಯನ್ನು ಮಾತ್ರ. "ಬೆಂಕಿಗೆ ಮುಲಾಜಿಲ್ಲ" ಎನ್ನುವುದು ಅವರ ಮಾತು. ಮಿಕ್ಕಿದ್ದೆಲ್ಲದರ ಮೇಲೂ ಗುಮಾನಿ. ಅಂಗಡಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುತ್ತಿದ್ದರು. ನಯಾಪೈಸೆ ಹೊಸದಾಗಿ ಬಂದಾಗ ಅದನ್ನು ಕಚ್ಚಿ ನೋಡಿ, ಕಲ್ಲಿನ ಮೇಲೆ ತಿಕ್ಕಿ ನೋಡಿ, "ಸರ್ಕಾರದೋರು ಏನೋ ಬೆರೆಸವ್ರೆ" ಎಂದರು. ನಮ್ಮ ಬೀದಿಗೆ ಕರೆಂಟು ಬಂದರೂ ಅಂಗಡಿಯಲ್ಲಿ ಎಣ್ಣೆದೀಪವೇ. "ಕರೆಂಟ್ ಬೆಳಕಲ್ಲಿ ಹಿತ್ತಾಳೆನೂ ಚಿನ್ನದಂಗೆ ಕಾಣ್ತದೆ ಕಣಮ್ಮ." ಹೆಂಡತಿ ಒಂದು ದಿನ ಸಾರು ಚೆನ್ನಾಗಿ ಮಾಡಿದರೆ, ಯಾರು ಬರುವವರಿದ್ದಾರೆ ಎಂದು ಕೇಳುತ್ತಿದ್ದರಂತೆ.

ಇಷ್ಟಕ್ಕೂ ಅವರೊಬ್ಬರನ್ನೇ ಅಂದು ಪ್ರಯೋಜನವಿಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಗಾದೆ ಕಟ್ಟಿ, ಅದನ್ನು ಅವರ ಎದುರಿಗೇ ಹೇಳಿ ನಗುವ ಊರು ನಮ್ಮದು. ಯಾರ ಮನೆಯಲ್ಲಿ ಒಡವೆ ಮಾಡಿಸಿದರೂ ಆ ಮನೆಯವರೊಬ್ಬರು ಕೆಲಸ ಮುಗಿಯುವ ತನಕ ಅವರ ಎದುರಿಗೆ ಕೂತು ಕೈ ಕಾಯಬೇಕು. ಹಳೆಯ ಚಿನ್ನ ಕರಗಿಸುವ ಮೂಸೆಗೆ ಬಿದ್ದ ಗಳಿಗೆಯಿಂದ ಹೊಸ ಒಡವೆಯಾಗಿ ತಕ್ಕಡಿಗೆ ಬರುವವರೆಗೆ ಕಣ್ಣು ಕದಲಿಸುವ ಹಾಗಿಲ್ಲ. ನಮ್ಮ ಮನೆಯಿಂದ ಆ ಕಾವಲಿಗೆ ಹೋಗುತ್ತಿದ್ದವಳು ನಾನು. ಮಿಡಲ್ ಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಅಪ್ಪನಿಗೆ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತಗಿರಿ, ಅಮ್ಮನಿಗೆ ಒಲೆ, ಅಜ್ಜಿಗೆ ಕಣ್ಣು ಮಂಜು. ಅನುಮಾನ ಪಡುವ ಕೆಲಸಕ್ಕೆ ನನಗಿಂತ ಬಿಡುವಾದವರು ಮನೆಯಲ್ಲಿರಲಿಲ್ಲ.

"ಬಂದ್ಯಾ ಅಮಲ್ದಾರಮ್ಮ, ಕೂತ್ಕೊ. ರೆಪ್ಪೆ ಬಡೀಬ್ಯಾಡ. ಬಡದ್ಯೋ, ಅಷ್ಟ್ರಲ್ಲಿ ನಿಮ್ಮನೆ ಮುಳುಗಿಸ್ಬುಡ್ತೀನಿ" ಎಂದು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ನಾನು ಏಳುವಾಗ ಅವರ ಸರದಿ. "ಲಂಗ ಕೊಡವ್ಬುಟ್ಟು ಹೋಗವ್ವ." ನನ್ನ ಲಂಗದ ಅಂಚಿಗೆ ಒಂದು ಕಾಳು ಚಿನ್ನ ಅಂಟಿಕೊಂಡು ಹೋದೀತೆಂದು! ನಾನು ಅವರ ನೆಲದ ಮೇಲೇ ಕೊಡವಿ ಎದ್ದು ಬರುತ್ತಿದ್ದೆ. ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ಕಾಯುತ್ತ ನಮಗೆ ಒಂದು ಬಗೆಯ ಸ್ನೇಹವಾಯಿತು. ಅವರು ನಮ್ಮ ಚಿನ್ನ ಕದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಗ್ಗಿಷ್ಟಿಕೆಯ ಶಾಖಕ್ಕೆ ನಾನೂ ಆಗೀಗ ತೂಕಡಿಸಿದ್ದುಂಟು.

ಅವರ ಕೈ ಮಾತ್ರ ಎಲ್ಲರೂ ಒಪ್ಪಿದ ಕೈ. ಮಕ್ಕಳ ಕಿವಿ ಚುಚ್ಚಲು ಗೂಳೂರಿನ ಕಡೆಯಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಚಿನ್ನದ ತಂತಿಯ ತುದಿಯನ್ನೇ ಸೂಜಿಯ ಹಾಗೆ ಮಸೆದು, ಮಗುವಿನ ಬಾಯಿಗೆ ಬೆಲ್ಲದ ಚೂರು ಇಟ್ಟು, ಅದು ಬೆಲ್ಲ ಚೀಪುತ್ತಿರುವಾಗಲೇ ಹಾಲೆ ದಾಟಿಸಿ ತಂತಿ ತಿರುಚಿಬಿಡುತ್ತಿದ್ದರು. ಮಗು ಅಳಲು ಶುರುಮಾಡುವ ಹೊತ್ತಿಗೆ ಅವರು ಇನ್ನೊಂದು ಕಿವಿಗೆ ಹೋಗಿರುತ್ತಿದ್ದರು.

ನನ್ನ ತಂಗಿ ಸರೋಜಳಿಗೆ ಕಿವಿ ಚುಚ್ಚಿಸಿದ್ದು ತಡವಾಗಿ. ಮನೆದೇವರಿಗೆ ಮುಡಿ ಕೊಟ್ಟ ಮೇಲೇ ಕಿವಿ ಎಂದು ಅಜ್ಜಿ ಹೇಳಿಕೊಂಡಿದ್ದರು. ಆ ಹರಕೆ ತೀರುವ ಹೊತ್ತಿಗೆ ಹುಡುಗಿ ಮಾತು ಕಲಿತು, ಓಡಾಡಿ, ಬೀದಿಯವರಿಗೆಲ್ಲ ಎದುರುತ್ತರ ಕೊಡುವಷ್ಟಾಗಿದ್ದಳು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ಪದ್ಧತಿ. ಕುಣಿಗಲ್ಲಿನಿಂದ ನಮ್ಮ ಮಾವ ಬಂದ. ಆಚಾರ್ರು ಬಂದರು. ಬೆಲ್ಲ, ಅಳು, ಎಲೆ ಅಡಿಕೆ, ಪಡಿ ಅಕ್ಕಿ, ಎಲ್ಲ ಶಾಸ್ತ್ರದಂತೆ ಮುಗಿಯಿತು.

ಅದೇ ಮಳೆಗಾಲದಲ್ಲಿ ಸರೋಜಳಿಗೆ ನೆಗಡಿಯಾಯಿತು. ನೆಗಡಿ ಜ್ವರಕ್ಕೆ ತಿರುಗಿತು. ಕಿವಿ ಹಿಡಿದುಕೊಂಡು ಒದ್ದಾಡಿದಳು; ಆಮೇಲೆ ಎರಡು ಕಿವಿಯೂ ಸೋರಿದವು. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಜ್ವರ ಇಳಿಯಿತು, ಸೋರುವುದೂ ನಿಂತಿತು, ಮನೆಯವರು ನೆಮ್ಮದಿಯಾದೆವು. ಆದರೆ ಹುಡುಗಿ ಬದಲಾಗಿದ್ದಳು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಊಟಕ್ಕೆ ಕೂಗಿದರೆ ಬರುತ್ತಿರಲಿಲ್ಲ. ತಾನು ಮಾತಾಡುವಾಗ ಮಾತ್ರ ಸಂತೆಯಲ್ಲಿ ನಿಂತವಳ ಹಾಗೆ ಕಿರುಚುತ್ತಿದ್ದಳು. ಅಮ್ಮ ಮಾತಾಡಿದರೆ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ತುಟಿ ನೋಡುತ್ತಿದ್ದಳು. ಕೆಲವು ದಿನ ಸ್ವಲ್ಪ ಕೇಳಿಸಿದಂತೆ ಕಾಣುತ್ತಿತ್ತು, ಮಾರನೆಯ ದಿನ ಅದೂ ಇಲ್ಲ. ಹಾಗಾಗಿ ಎಲ್ಲರೂ ಮೊದಲು ಅವಳ ಮೇಲೇ ಅನುಮಾನಪಟ್ಟೆವು. "ಬೇಕಾದಾಗ ಕೇಳುಸ್ತದೆ, ಬ್ಯಾಡದಾಗ ಇಲ್ಲ. ಹಟ ಕಣೇ, ಬರೀ ಹಟ" ಎಂದು ಅಜ್ಜಿ ಹೇಳಿದರು, ಅಮ್ಮ ಬೆನ್ನಿಗೆ ಬಾರಿಸಿದಳು. ಯಾಕೆ ಹೊಡೆದರೆಂದು ಆ ಮಗುವಿಗೆ ಕೇಳಿಸಿರಲಿಲ್ಲ. ಅದು ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿತು.

ಕೊನೆಗೊಂದು ದಿನ ಅವಳ ಬೆನ್ನ ಹಿಂದೆ ನಿಂತು ಅಜ್ಜಿ ಹಿತ್ತಾಳೆ ತಟ್ಟೆಯನ್ನು ಸೌಟಿನಿಂದ ಬಡಿದರು. ಸರೋಜ ನೆಲದ ಮೇಲೆ ಹುಣಿಸೆಬೀಜ ಜೋಡಿಸುತ್ತಲೇ ಇದ್ದಳು.

ಸುದ್ದಿ ಮುಟ್ಟಿ ಕುಣಿಗಲ್ಲಿನ ಮಾವ ಬಂದ. ಬಂದವನೇ ಜಗಲಿಯಲ್ಲಿ ಕೂತು, ಯಾರೂ ಕೇಳದಿದ್ದರೂ ಶುರುಮಾಡಿದ. "ನಾನೇ ತೊಡೆ ಮೇಲೆ ಕೂರಿಸ್ಕೊಂಡಿದ್ದೆ ಕಣಕ್ಕ. ಎರಡ್ನೇ ಕಿವಿ ಚುಚ್ಚೋವಾಗ ಆ ಆಚಾರಿ ಕೈ ನಡುಗ್ತು. ಕಣ್ಣಾರೆ ಕಂಡೆ. ಕೇಳೋ ನರಕ್ಕೇ ಬಿದ್ದೈತೆ ತಂತಿ."

ಆವತ್ತಿನವರೆಗೆ ಆ ನಡುಕ ಅವನಿಗೆ ನೆನಪಿರಲಿಲ್ಲ. ಆದರೆ ಹೇಳಿದ ಕೂಡಲೇ ಅಜ್ಜಿಗೂ ನೆನಪಾಯಿತು, ಅವರಿಗೆ ಕಣ್ಣು ಮಂಜಾಗಿದ್ದರೂ! ಮಗುವನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು ಆಗಲೇ ಎರಡೂ ತಂತಿ ಬಿಚ್ಚಿ ತೆಗೆದರು. ಮಾವ ಆ ತಂತಿಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಆಚಾರ್ರ ಅಂಗಡಿಗೆ ಹೊರಟ. ಅಪ್ಪ ಮಂಡಿಯಲ್ಲಿದ್ದರು. ಹಿಂದೆ ಓಡಿದವಳು ನಾನು.

"ಏನ್ರೀ ಆಚಾರ್ರೇ, ಹೆಣ್ ಮಗೀನ ಕಿವುಡಿ ಮಾಡ್ಬುಟ್ರಲ್ರೀ" ಎಂದು ಮಾವ ತಂತಿಗಳನ್ನು ಚಿನ್ನ ಬಡಿಯುವ ಅಡಿಗಲ್ಲಿನ ಮೇಲೆ ಎಸೆದ.

ಆಚಾರ್ರು ಊದುಗೊಳವೆ ಕೆಳಗಿಟ್ಟರು. ಸಿಟ್ಟು ಬರುತ್ತದೆಂದು ನಾನು ಕಾದೆ. ಅವರು ತಂತಿ ಎತ್ತಿ ದೀಪಕ್ಕೆ ಹಿಡಿದು ನೋಡಿದರು, ಆಮೇಲೆ ತಮ್ಮ ಬಲಗೈಯ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ತಲೆ ಹಿಡ್ಕೊಂಡಿದ್ದೋರು ನೀವಲ್ವಾ? ಬಿಗಿಯಾಗಿ ಹಿಡ್ಕೊಂಡಿದ್ರಾ?" ಎಂದು ಕೇಳಿದರು. ಮಾವ ಹಾರಾಡಿದ. ಬೀದಿ ಸೇರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಕಂಡ್ರಾ ಹೆಂಗೆ ಬೆರಳು ನೋಡ್ಕೊಂಡ ಎಂದು ಯಾರೋ ಅಂದರು. ಆ ಮಾತು ಸಂಜೆಯೊಳಗೆ ಊರು ಸುತ್ತಿತು.

ಅಪ್ಪ ಮಾತ್ರ ಈ ನರದ ಕತೆ ಒಪ್ಪಲಿಲ್ಲ. ಸರೋಜಳನ್ನೂ ನನ್ನನ್ನೂ ರೈಲು ಹತ್ತಿಸಿ ತುಮಕೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ಕಿವಿಯೊಳಗೆ ನೋಡಿ, ಯಾವ ಗಾಬರಿಯೂ ಇಲ್ಲದೆ ಹೇಳಿದರು: "ಒಳಗೆ ತಮಟೆ ಥರ ಒಂದು ಪೊರೆ ಇರುತ್ತೆ. ಅದರ ಹಿಂದೆ ನೀರು ನಿಂತಿದೆ. ಚಿಕ್ಕ ಮಕ್ಕಳಿಗೆ ಕಿವಿ ಸೋರಿದ ಮೇಲೆ ಹೀಗಾಗೋದು ಉಂಟು. ನೀರು ಇಂಗ್ತಾ ಬಂದ ಹಾಗೆ ಕೇಳ್ಸುತ್ತೆ. ಎಣ್ಣೆ ಗಿಣ್ಣೆ ಹಾಕ್ಬೇಡಿ. ಎದುರಿಗೆ ನಿಂತು ನಿಧಾನವಾಗಿ ಮಾತಾಡಿ, ಸಾಕು. ವಾಸಿಯಾಗೋ ತನಕ ಬಂದು ತೋರಿಸ್ತಿರಿ."

"ಕಿವಿ ಚುಚ್ಚಿದ್ದರಿಂದ..." ಎಂದು ಅಪ್ಪ ರಾಗ ಎಳೆದರು.

"ಹಾಲೆಗೂ ಕೇಳೋದಕ್ಕೂ ಏನ್ರೀ ಸಂಬಂಧ? ಅದು ಬರೀ ಚರ್ಮ" ಎಂದು ಡಾಕ್ಟರು ನಕ್ಕರು.

ಗುಬ್ಬಿಯಲ್ಲಿ ರೈಲಿಳಿದು ಅಪ್ಪ ಮನೆಗೆ ಹೋಗಲಿಲ್ಲ. ನೇರವಾಗಿ ಆಚಾರ್ರ ಅಂಗಡಿಗೆ ಹೋಗಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, "ನಿಮ್ ಕೈ ತಪ್ಪಿಲ್ಲ ಆಚಾರ್ರೇ, ಮನಸ್ಸಿಗೆ ಹಚ್ಕೋಬೇಡಿ" ಎಂದರು.

ಆಚಾರ್ರು ಕನ್ನಡಕದ ಮೇಲಿನಿಂದ ನೋಡಿದರು. "ಆ ಡಾಕ್ಟ್ರು ನಿಮ್ಗೇನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ."

"ಮತ್ತೆ ನನ್ನ ಮಖಾನೇ ನೋಡಿಲ್ದೋನು ನನ್ ಪರ ಯಾಕೆ ಮಾತಾಡ್ದ?"

ಅಪ್ಪ ಬಾಯಿ ತೆರೆಯುವ ಮೊದಲೇ ಆಚಾರ್ರೇ ಮುಂದುವರಿಸಿದರು. "ನೋಡಿ ಯಜಮಾನ್ರೇ, ನಿಮ್ ತಾಯಿ ಕಾಲದಿಂದ ನಿಮ್ಮನೇರು ಈ ಕೈ ಕಾಯ್ತಾ ಎದುರ್ಗೆ ಕೂತವ್ರೆ. ಒಂದ್ ಕಾಳು ಚಿನ್ನಕ್ಕೆ ಈ ಕೈ ನಂಬ್ಲಿಲ್ಲ ನೀವು. ಈಗ ಮಗೀನ ಕಿವಿ ವಿಚಾರಕ್ಕೆ ಈ ಕೈ ಸಾಚಾ ಅಂತೀರಿ. ನಾನ್ ಹೆಂಗ್ ನಂಬ್ಲಿ? ಅಯ್ಯೋ ಪಾಪ ಅಂತ ಹೇಳ್ತಿದ್ದೀರಿ ಬುಡಿ."

ಅದು ಸಿಟ್ಟಿನಲ್ಲಿ ಆಡಿದ ಮಾತಲ್ಲ. ಲೆಕ್ಕ ಒಪ್ಪಿಸಿದಂತೆ ಹೇಳಿದರು. ಎದುರಿಗೆ ಕೂತು ಕಾಯುತ್ತಿದ್ದವಳು ನಾನೇ ಆದ್ದರಿಂದ ಆ ಮಾತು ನನಗೆ ಹೆಚ್ಚು ತಾಗಿತು.

ಡಾಕ್ಟರು ಹೇಳಿದಂತೆಯೇ ಆಯಿತು. ಚಳಿ ಕಳೆಯುವಷ್ಟರಲ್ಲಿ ಸರೋಜಳಿಗೆ ಚೂರುಚೂರೇ ಕೇಳತೊಡಗಿತು. ಒಂದು ಬೆಳಿಗ್ಗೆ ಕಂಬಳಿಯೊಳಗಿನಿಂದಲೇ "ರೈಲು ಬಂತು" ಎಂದಳು. ಅಮ್ಮ ಹಾಲಿನ ಪಾತ್ರೆ ಹಾಗೇ ಬಿಟ್ಟು ಬಂದು ಅವಳನ್ನು ತಬ್ಬಿಕೊಂಡಳು. ಹಾಲು ಉಕ್ಕಿ ಒಲೆ ಆರಿತು, ಯಾರೂ ಬೈಯಲಿಲ್ಲ. ನಾವೆಲ್ಲ ಎಷ್ಟು ಸಂತೋಷಪಟ್ಟೆವೆಂದರೆ, ಈ ಸಂತೋಷ ಆಚಾರ್ರ ಕುತ್ತಿಗೆಗೆ ಬರುತ್ತದೆಂದು ನಮಗೆ ಹೊಳೆಯಲೇ ಇಲ್ಲ. ಅಜ್ಜಿ ಬೀದಿಯ ಉದ್ದಕ್ಕೂ ಹೇಳಿಕೊಂಡು ಬಂದರು. "ತಂತಿ ತಗುದ್ನಲ್ಲ, ಅದ್ಕೇ ಕಿವಿ ಬಂತು. ಬಿಟ್ಟಿದ್ರೆ ಮಗು ಕೈ ತಪ್ತಿತ್ತು." ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಕಿವುಡು ಹಾಗೇ ಉಳಿದಿದ್ದರೆ ಬರೀ ಅನುಮಾನವಾಗಿರುತ್ತಿತ್ತು. ವಾಸಿಯಾದದ್ದರಿಂದ ರುಜುವಾತೇ ಆಗಿಹೋಯಿತು.

ಆಮೇಲೆ ಆಚಾರ್ರು ಯಾರ ಮಗುವಿಗೂ ಕಿವಿ ಚುಚ್ಚಲಿಲ್ಲ. ಕರೆಯುವವರೂ ಕಮ್ಮಿಯಾದರು, ಕರೆದವರಿಗೂ ಕಣ್ಣು ಕಾಣಿಸುವುದಿಲ್ಲ ಎಂದು ಹೇಳಿಬಿಡುತ್ತಿದ್ದರು. ಅದೇ ಕಣ್ಣಿನಲ್ಲಿ ಗುಲಗಂಜಿ ತೂಕದ ಮೂಗುತಿಗೆ ಹರಳು ಕೂರಿಸುತ್ತಿದ್ದರು. ತಮ್ಮ ಸ್ವಂತ ಮೊಮ್ಮಗಳಿಗೆ ಕಿವಿ ಚುಚ್ಚಲು ಕೋರ ಎಂಬ ಊರಿನಿಂದ ಇನ್ನೊಬ್ಬ ಅಕ್ಕಸಾಲಿಯನ್ನು ಕರೆಸಿದರಂತೆ. ಕೆಲವು ವರ್ಷದ ಮೇಲೆ ಚಿನ್ನ ನಿಯಂತ್ರಣದ ಕಾಯಿದೆ ಬಂದು ಅಕ್ಕಸಾಲಿಗಳ ಮೇಲೆ ಸರ್ಕಾರವೂ ಅನುಮಾನ ಪಟ್ಟಾಗ, "ಈಗ ಎಲ್ರೂ ಒಂದಾದ್ರು ಬುಡು" ಎಂದು ನಕ್ಕರು.

ಅವರ ಒಂದು ಕಳ್ಳಾಟ ಮಾತ್ರ ನನಗೆ ಗೊತ್ತಿತ್ತು. ಸರೋಜ ಸ್ಕೂಲಿಗೆ ಹೋಗುವಾಗ ಅಂಗಡಿಯ ಮುಂದೆ ದಾಟಿದ ಮೇಲೆ, ಒಳಗಿನಿಂದ ಮೆಲ್ಲಗೆ "ಸರೋಜಾ" ಎನ್ನುತ್ತಿದ್ದರು. ಅವಳು ತಿರುಗಿದರೆ ಅವರು ಏನೂ ಗೊತ್ತಿಲ್ಲದವರ ಹಾಗೆ ಬೆಂಕಿ ಊದುತ್ತಿದ್ದರು. ಒಂದು ದಿನ ಇನ್ನೂ ಮೆಲ್ಲಗೆ, ಇನ್ನೊಂದು ದಿನ ಬರೀ ಉಸಿರಲ್ಲಿ. ಅವಳಿಗೆ ಅದು ಆಟ. ಬೇಕೆಂತಲೇ ನಿಧಾನವಾಗಿ ನಡೆದು ಕಾಯುತ್ತಿದ್ದಳು. ಮುದುಕ ಹುಡುಗಿಯನ್ನು ಯಾಕೆ ಕರೆಯುತ್ತಾನೆ ಎಂದು ಬೀದಿಯವರು ಅದಕ್ಕೂ ಒಂದು ಗುಮಾನಿ ಇಟ್ಟುಕೊಂಡರು. ನಮ್ಮ ಬೀದಿಯವರಿಗೆ ಅನುಮಾನಕ್ಕೇನೂ ಬರವಿರಲಿಲ್ಲ.

ಮುಚ್ಚಿಹೋಗಿದ್ದ ಸರೋಜಳ ಕಿವಿಯನ್ನು ಮಾವ ಕುಣಿಗಲ್ಲಿನಲ್ಲೇ ಬೇರೆಯವರಿಂದ ಚುಚ್ಚಿಸಿದ. ಮುಂದೆ ತುಮಕೂರಿಗೇ ಮದುವೆಯಾಗಿ ಹೋದಳು. ನಾನೂ ಟ್ರೈನಿಂಗ್ ಮುಗಿಸಿ, ಸ್ಕೂಲಿನಲ್ಲಿ ಮೇಡಂ ಕೆಲಸ ಸಿಕ್ಕಿ ಅಲ್ಲೇ ಅವಳ ಮನೆ ಹತ್ತಿರ ಒಂದು ಕೋಣೆ ಹಿಡಿದಿದ್ದೆ. ಅವಳು ಮೊದಲ ಬಾಣಂತನಕ್ಕೆ ಗುಬ್ಬಿಗೆ ಬಂದಳು. ಹೆಣ್ಣು ಮಗು. ಕಿವಿ ಚುಚ್ಚಿಸುವ ಹೊತ್ತಿಗೆ ಅವಳು ಯಾರನ್ನೂ ಕೇಳದೆ ಮಗುವನ್ನೆತ್ತಿಕೊಂಡು ಆಚಾರ್ರ ಅಂಗಡಿಗೆ ನಡೆದಳು. ನಮಗೆ ಅಣ್ಣತಮ್ಮಂದಿರಿಲ್ಲ, ಸೋದರಮಾವನ ಜಾಗಕ್ಕೆ ಬೇಸಿಗೆ ರಜಕ್ಕೆ ಊರಿಗೆ ಬಂದಿದ್ದ ನನ್ನನ್ನು ಎಳೆದುಕೊಂಡಳು.

"ಆಗಲ್ಲ ಕಣಮ್ಮ. ಕೈ ನಡುಗ್ತದೆ" ಎಂದರು ಆಚಾರ್ರು. ಆಮೇಲೆ ನನ್ನ ಕಡೆ ನೋಡಿ, "ಇವ್ಳನ್ನ ಯಾರು ಕಳಿಸಿದ್ದು? ನಿಮ್ಮಪ್ಪನಾ?"

"ಯಾರೂ ಕಳಿಸಿಲ್ಲ" ಎಂದಳು ಸರೋಜ. "ಆವತ್ತು ನನ್ ಕಿವೀಲಿ ನೀರು ನಿಂತಿತ್ತು ಅಂತ ಡಾಕ್ಟ್ರು ಹೇಳಿದ್ರು. ಅಪ್ಪ ಬಂದು ಹೇಳಿದ್ರು. ಈಗ ನಾನೂ ಹೇಳ್ತಿದೀನಿ. ಇನ್ನೆಷ್ಟ್ ಜನ ಹೇಳ್ಬೇಕು ನಿಮ್ಗೆ? ನನ್ ಮಗೂಗೆ ನೀವೇ ಚುಚ್ಬೇಕು. ಇಲ್ದಿದ್ರೆ ಇದು ಬರಿಗಿವೀಲೇ ಬೆಳೀಲಿ."

ಅವರು ಬಹಳ ಹೊತ್ತು ಕೈ ತೊಳೆದರು. ಮಗು ನನ್ನ ತೊಡೆಯ ಮೇಲಿತ್ತು. ಅವರ ಬೆರಳು ನಡುಗುತ್ತದೆಯೋ ಎಂದು ನಾನು ಹಳೆಯ ಕಾವಲುಗಾರ್ತಿ ನೋಡಿಯೇ ನೋಡಿದೆ. ನಡುಗಿತು. ಆದರೆ ತಂತಿ ಹಾಲೆಗೆ ಮುಟ್ಟಿದ ಗಳಿಗೆಯಲ್ಲಿ ನಿಂತುಹೋಯಿತು. ಮಗು ಅತ್ತಿತು, ಸರೋಜ ನಕ್ಕಳು, ಆಚಾರ್ರು ಒಳಗೆ ಹೋಗಿ ತುಂಬ ಹೊತ್ತು ಹೊರಗೆ ಬರಲಿಲ್ಲ. ಮಾರನೆಯ ದಿನದಿಂದ ಅವರು ಏನಾದರೂ ನೆಪ ಮಾಡಿಕೊಂಡು ನಮ್ಮ ಮನೆಯ ಮುಂದೆ ಸುಳಿದಾಡತೊಡಗಿದರು.

ತಂಗಿ ಮಗುವಿನೊಂದಿಗೆ ತುಮಕೂರಿಗೆ ವಾಪಸಾದಳು. ಆಷಾಢದ ಗಾಳಿ ಶುರುವಾಯಿತು. ಮಗುವಿಗೆ ನೆಗಡಿ ಹಿಡಿಯಿತು, ಜ್ವರ ಬಂತು, ಆಮೇಲೆ ಕಿವಿ ಸೋರಿತು. ಜ್ವರ ಬಿಟ್ಟ ಮೇಲೆ ಚಪ್ಪಾಳೆ ತಟ್ಟಿದರೂ ಮಗು ತಿರುಗಲಿಲ್ಲ. ಸರೋಜಳ ಅತ್ತೆ ಆಗಲೇ "ಕಿವಿ ಚುಚ್ಚಿದ್ದು ಯಾರಂದೆ?" ಎಂದು ಕೇಳಿಯಾಗಿತ್ತು. ಸರೋಜ ಮಗುವನ್ನು ಡಾಕ್ಟರಿಗೆ ತೋರಿಸಿದಳು. ಈ ಡಾಕ್ಟರು ಬೇರೆ, ಮಾತು ಅದೇ: ನೀರು ನಿಂತಿದೆ, ಇಂಗುತ್ತದೆ, ಕಾಯಬೇಕು. ಅವರು ಹೇಳಿದಂತೆ ನೀರು ಇಂಗಿ, ದೀಪಾವಳಿ ಪಟಾಕಿಗೆ ಮಗು ಬೆಚ್ಚಿ ಅತ್ತಿತು, ಆ ಅಳು ಕೇಳಿ ನಾವು ಸಂತೋಷಪಟ್ಟೆವು. ಅಷ್ಟರಲ್ಲಿ ಆಚಾರ್ರು ಇರಲಿಲ್ಲ.

ನಾನು ಹೇಳಹೊರಟಿದ್ದು ಅದಕ್ಕಿಂತ ಮೊದಲಿನ ಮಾತು. ಮಗುವಿಗೆ ಇನ್ನೂ ಕೇಳಿಸುತ್ತಿಲ್ಲ, ಕಿವಿಯಲ್ಲಿ ಹತ್ತಿ. ಭಾನುವಾರ ನಾನು ಸರೋಜಳ ಮನೆಯಲ್ಲಿದ್ದೆ. ಬಾಗಿಲಲ್ಲಿ ಆಚಾರ್ರು ನಿಂತಿದ್ದರು, ಮುಂಚೆಗಿಂತ ಅರ್ಧವಾಗಿದ್ದರು. ಗುಬ್ಬಿಯಿಂದ ಬಸ್ಸಿನಲ್ಲಿ ಬಂದಿದ್ದರು. ಇದ್ದಿಲು ಕೊಳ್ಳಲು ಬಂದೆ ಎಂದರು. ಇದ್ದಿಲಿಗೆ ಗುಬ್ಬಿಯಿಂದ ತುಮಕೂರಿಗೆ ಯಾರು ಬರುತ್ತಾರೆ? ಸರೋಜ ಒಳಗೆ ಹೋಗಿ ಮಗುವಿನ ತಲೆಗೆ ಉಲ್ಲನ್ ಟೋಪಿ ಹಾಕಿ, ಕಿವಿ ಮುಚ್ಚುವಂತೆ ದಾರ ಕಟ್ಟಿ ಎತ್ತಿಕೊಂಡು ಬಂದಳು.

ಅವರು ಅಂಗಿಯ ಜೇಬಿನಿಂದ ಒಂದು ಬೆಳ್ಳಿ ಗಿಲಕಿ ತೆಗೆದರು. ಹೊಸದು, ತಾವೇ ಮಾಡಿದ್ದು. ಅದನ್ನು ಹಿಡಿದ ಕೈ ಮಗುವಿನ ತಲೆಯ ಹಿಂದಕ್ಕೆ ಹೋಗುತ್ತಿರುವುದನ್ನು ನಾನು ಕಂಡೆ. ಸರೋಜ ನಗುನಗುತ್ತಲೇ ಕೈ ಚಾಚಿ ಗಿಲಕಿಯನ್ನು ಇಸಿದುಕೊಂಡು, ಮಗುವಿನ ಕಣ್ಣೆದುರಿಗೆ ಅಲ್ಲಾಡಿಸಿದಳು. ಬೆಳ್ಳಿ ಮಿಂಚಿತು. ಮಗು ಬೊಚ್ಚುಬಾಯಿ ತೆರೆದು ಕೇಕೆ ಹಾಕಿತು.

"ಕಿವಿ?" ಎಂದರು ಆಚಾರ್ರು.

"ಚೆನ್ನಾಗವೆ ಆಚಾರ್ರೇ. ಸೂಜಿ ಬಿದ್ರೂ ಕೇಳುಸ್ತದೆ ಇವ್ಳಿಗೆ. ನಿಮ್ ಕೈ ಅಂದ್ರೆ ಕೈ."

ಅವರು ಕನ್ನಡಕದ ಮೇಲಿನಿಂದ ಸರೋಜಳನ್ನು ನೋಡಿದರು. ನಾನು ನೆಲ ನೋಡಿದೆ. ಅವಳು ಮಾತ್ರ ಅವರ ಕಣ್ಣಿಗೆ ಕಣ್ಣು ಕೊಟ್ಟು ನಿಂತೇ ಇದ್ದಳು.

"ಹಂಗಾದ್ರೆ ಸರಿ ಬುಡು" ಎಂದರು. ತೋರುಬೆರಳಿಂದ ಮಗುವಿನ ಕೆನ್ನೆ ಮುಟ್ಟಿದರು. ಆ ಬೆರಳು ಟೋಪಿಯ ಅಂಚಿನವರೆಗೂ ಹೋಯಿತು, ಅಲ್ಲಿಂದ ಹಿಂದಕ್ಕೆ ಬಂತು. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಟೋಪಿ ಎತ್ತಿ ನೋಡಲಿಲ್ಲ.